ಪುಟ್ಟಿಗೆ: ‘ದು ಶ್ಪಿನ್ಸ್ಟ್’ ಅಂದರೆ ಬೈಗುಳ ಅಲ್ಲ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಭಾನುವಾರವೂ ಕೆಲಸ ಮಾಡುತ್ತೇನೆ ಅಂದಿದ್ದಕ್ಕೆ ಜರ್ಮನಿಯ ನಿನ್ನ ಆಫೀಸಿನ ಹುಡುಗಿ ಜರ್ಮನ್ ಭಾಷೆಯಲ್ಲಿ ‘ದು ಶ್ಪಿನ್ಸ್ಟ್’ ಅಂದಳು, ಡಿಕ್ಷನರಿಯಲ್ಲಿ ನೋಡಿದರೆ ‘ನಿನಗೆ ಹುಚ್ಚು’ ಅಂತ ಇತ್ತು ಅಂತ ಬೇಜಾರು ಮಾಡಿಕೊಂಡಿದ್ದೀಯಲ್ಲ, ಬೇಡ ಕಣೇ. ಅಣ್ಣ, ಅತ್ತಿಗೆ, ನೀವೂ ಗಾಬರಿಯಾಗಬೇಡಿ. ಶ್ಪಿನ್ನೆನ್ ಅಂದರೆ ನೂಲುವುದು. ಇಲ್ಲಸಲ್ಲದ್ದೆಲ್ಲ ನೂಲುತ್ತಿದ್ದೀಯ ಅಂತ ಅಷ್ಟೇ. ನಾವು ‘ತಲೆ ಕೆಟ್ಟಿದೆಯಾ ನಿಂಗೆ’ ಅನ್ನಲ್ವಾ, ಹಾಗೆ, ಸಲಿಗೆಯ ಮಾತು.

‘ಫೆರ್ಯುಕ್ಟ್’ ಅನ್ನುವುದನ್ನೂ ಜಾಸ್ತಿ ಕೇಳುತ್ತೀಯ, ಅದೂ ಹುಚ್ಚು ಅಂತಲೇ. ಫುಟ್‌ಬಾಲ್ ಹುಚ್ಚಿಗೂ ಅದೇ, ಬಾಯಿಗೆ ಬಂದಷ್ಟು ಬಾಡಿಗೆ ಕೇಳಿದರೂ ಅದೇ. ಆದರೆ ನನಗೆ ತುಂಬಾ ಇಷ್ಟ ‘ವಾನ್‌ಜಿನ್’. ಅರ್ಥ ಹುಚ್ಚುತನ ಅಂತಲೇ. 1989ರ ನವೆಂಬರ್ 9ರ ರಾತ್ರಿ ಬರ್ಲಿನ್ ಗೋಡೆಯ ಗೇಟು ತೆರೆದಾಗ ಬೋರ್ನ್‌ಹೋಲ್ಮರ್ ಬೀದಿಯ ಸೇತುವೆ ದಾಟಿ ಬಂದ ಜನ, ಗುರುತಿಲ್ಲದವರನ್ನೆಲ್ಲ ತಬ್ಬಿಕೊಂಡು ಅಳುತ್ತಾ ನಗುತ್ತಾ ಕೂಗಿದ್ದು ಇದನ್ನೇ, ವಾನ್‌ಜಿನ್, ವಾನ್‌ಜಿನ್ ಅಂತ. 28 ವರ್ಷ ಮುಚ್ಚಿದ್ದ ದಾರಿ, ಬಾಯಲ್ಲಿ ಬೇರೆ ಏನು ಬರುತ್ತೆ ಹೇಳು. ಆ ವಿಡಿಯೋ ಹುಡುಕಿ ನೋಡು, ನನಗೆ ಈಗಲೂ ಕಣ್ಣು ತುಂಬುತ್ತದೆ. ‘ಟೋಲ್’ ಕೂಡ ಹಿಂದೆ ಹುಚ್ಚು ಅಂತಲೇ ಇದ್ದದ್ದು, ಈಗ ‘ಸೂಪರ್’ ಅಂತ ಅರ್ಥ. ಹಳೇ ಅರ್ಥ ಹುಚ್ಚುನಾಯಿ ರೋಗದ ಹೆಸರಲ್ಲಿ ಉಳಿದಿದೆ, ಟೋಲ್‌ವೂಟ್.

ಒಂದು ಮಾತ್ರ ನೆನಪಿಡು. ಗಾಡಿ ಓಡಿಸುವಾಗ ಯಾರಿಗೂ ಹಣೆಗೆ ಬೆರಳು ಕುಟ್ಟಿ ತೋರಿಸಬೇಡ. ನಿನ್ನ ತಲೆಯಲ್ಲಿ ಹಕ್ಕಿ ಇದೆ, ಅಂದರೆ ನಿನಗೆ ಹುಚ್ಚು ಅಂತ ಅದರ ಅರ್ಥ, ಅವಮಾನ ಅಂತ ಕೇಸ್ ಹಾಕಿದರೆ ದಂಡ ಬೀಳಬಹುದು.

ಇನ್ನು ನಿಜವಾಗಿ ಕಾಯಿಲೆ ಇದ್ದವರ ವಿಷಯಕ್ಕೆ ಬಂದರೆ ಈ ಯಾವ ಪದವೂ ಬೇಡ. ‘ಇರ್ರೆ’ (ಹುಚ್ಚ) ಬೇಡ, ಆಸ್ಪತ್ರೆಗೆ ‘ಇರ್ರೆನ್‌ಹೌಸ್’ (ಹುಚ್ಚಾಸ್ಪತ್ರೆ) ಅಂತಂತೂ ಬೇಡವೇ ಬೇಡ. 1940ರ ಜನವರಿಯಿಂದ 41ರ ಆಗಸ್ಟ್‌ವರೆಗೆ ಗ್ರಾಫೆನೆಕ್, ಹಾಡಮಾರ್ ಥರದ ಆರು ಕಡೆ ನಾಜಿಗಳು ಮಾನಸಿಕ ರೋಗಿಗಳನ್ನೂ ಅಂಗವಿಕಲರನ್ನೂ ಗ್ಯಾಸ್ ಬಿಟ್ಟು ಕೊಂದರು, 70,000ಕ್ಕೂ ಹೆಚ್ಚು ಜನ. ಇವರು ಬದುಕಿ ಪ್ರಯೋಜನವಿಲ್ಲ ಅಂತ ಹಣೆಪಟ್ಟಿ ಹಚ್ಚಿಯೇ ಕರೆದುಕೊಂಡು ಹೋಗಿದ್ದು. ಅಂಥ ನೆಲದಲ್ಲಿ ನಿಂತು ಇಂಥ ಪದವನ್ನು ರೋಗಿಯ ಮೇಲೆ ಸುಮ್ನೆ ಎಸೆಯೋಕೆ ಆಗಲ್ಲ. ‘ಪ್ಸ್ಯೂಶಿಶ್ ಕ್ರಾಂಕ್’, ಅಂದರೆ ಮಾನಸಿಕ ಕಾಯಿಲೆ ಇದೆ ಅಂತ, ಅಷ್ಟು ಹೇಳಿದರೆ ಸಾಕು. ನಿನ್ನ ಮನೆ ಓನರ್ ಮಗ ಅದಕ್ಕೇ ಆಸ್ಪತ್ರೆಯಲ್ಲಿದ್ದಾನೆ ಅಂದೆಯಲ್ಲ, ಆಯಮ್ಮ ಸಿಕ್ಕಾಗ ‘ಈಗ ಹೇಗಿದ್ದಾನೆ’ ಅಂತ ಕೇಳು, ಕಾಯಿಲೆಯ ಹೆಸರು ಅವರಾಗಿ ಹೇಳಿದರೆ ಹೇಳಲಿ.