ತಿಜೋರಿಗೆ ಸೇರಿದ ಮೇಲೆ ಕೈಗಡಿಯಾರಗಳಿಗೆ ತೊಂದರೆ: ಪಟ್ಟಿಗೆ ಬೂಷ್ಟು, ಒಂದು ಮುಂದೆ ಓಡುತ್ತಿದೆ, ಇನ್ನೊಂದು ನಿಂತಿದೆ

ಹಳೆಗಂಟೆ:
ಎಲ್ಲರಿಗೂ ನಮಸ್ಕಾರ. ನನ್ನ ಕೈಗಡಿಯಾರಗಳನ್ನು ಇಷ್ಟು ಕಾಲ ಬಟ್ಟೆಯ ಕಪಾಟಿನ ಒಂದು ಖಾನೆಯಲ್ಲಿ ಇಡುತ್ತಿದ್ದೆ. ಕಳ್ಳತನ ಮತ್ತು ಬೆಂಕಿ ಎರಡರಿಂದಲೂ ರಕ್ಷಣೆ ಸಿಗಲಿ ಎಂದು ಬೆಂಕಿ ತಡೆಯುವ ಉಕ್ಕಿನ ತಿಜೋರಿಯೊಂದನ್ನು ತಂದು, ಎಲ್ಲವನ್ನೂ ಅದರೊಳಗೆ ಇಟ್ಟೆ. ಕೆಲವು ತಿಂಗಳ ನಂತರ ಹೊರತೆಗೆದಾಗ ಹೀಗಿತ್ತು:

ಚರ್ಮದ ಪಟ್ಟಿಗಳ ಒಳಬದಿಯಲ್ಲಿ, ಹೊಲಿಗೆಯ ಉದ್ದಕ್ಕೂ ಬಿಳಿ ಬೂಷ್ಟು ಹಿಡಿದಿದೆ. ದಿನಕ್ಕೆ ಕೆಲವೇ ಸೆಕೆಂಡು ಹೆಚ್ಚುಕಡಿಮೆ ತೋರಿಸುತ್ತಿದ್ದ ಆಟೋಮ್ಯಾಟಿಕ್ (ಧರಿಸಿದವರ ಕೈಯ ಅಲುಗಾಟದಿಂದಲೇ ಕೀ ತುಂಬಿಕೊಳ್ಳುವ ಗಡಿಯಾರ) ಈಗ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತಿದೆ. ಬೆಳಕಿನಿಂದ ಚಾರ್ಜ್ ಆಗುವ ಸಿಟಿಜನ್ ಇಕೋ-ಡ್ರೈವ್ ನಿಂತೇ ಹೋಗಿದೆ. ಅಜ್ಜನ ಕಾಲದ, ಕೀ ಕೊಡುವ ಗಡಿಯಾರ ಮಾತ್ರ ಸರಿಯಾಗಿ ನಡೆಯುತ್ತಿದೆ. ಅದರ ಅಂಕಿಗಳ ಬಣ್ಣ ಕಂದು ತಿರುಗಿದೆ, ಕತ್ತಲಲ್ಲಿ ಹೊಳೆಯುವುದು ನಿಂತು ಬಹಳ ಕಾಲವಾಗಿದೆ.

ಮೂರಕ್ಕೂ ಒಂದೇ ಕಾರಣ ಇರಬಹುದೇ? ಆಟೋಮ್ಯಾಟಿಕ್‌ಗಳಿಗಾಗಿ, ಧರಿಸದೆ ಇದ್ದಾಗಲೂ ತಿರುಗಿಸುತ್ತಾ ನಡೆಸುವ ವೈಂಡರ್ ಪೆಟ್ಟಿಗೆ ಕೊಳ್ಳಬೇಕೇ? ಸ್ವಲ್ಪ ದಿನಗಳಲ್ಲಿ ವಿಮಾನದಲ್ಲಿ ದೂರದ ಪ್ರಯಾಣವೂ ಇದೆ. ಎರಡು ಗಡಿಯಾರ ಜೊತೆಗೆ ಒಯ್ಯಬೇಕೆಂದಿದ್ದೇನೆ.

ಸೆಕೆಂಡುಮುಳ್ಳು:
ಮೂರಕ್ಕೂ ಕಾರಣ ಬೇರೆ ಬೇರೆ ಎಂದೇ ನನ್ನ ಅಂದಾಜು. ಆದರೆ ಮೂರೂ ತಿಜೋರಿಯ ಒಳಗೇ ಇವೆ. ಯಾವುದನ್ನೂ ಈಗಲೇ ರಿಪೇರಿಗೆ ಕೊಡಬೇಡಿ, ಮೊದಲು ಎರಡು ಸಣ್ಣ ಪರೀಕ್ಷೆ ಮಾಡಿ.

ಮೊದಲನೆಯದು ತೇವಾಂಶದ್ದು. ಬೆಂಕಿ ತಡೆಯುವ ತಿಜೋರಿಯ ಗೋಡೆಗಳ ನಡುವೆ ಜಿಪ್ಸಮ್ ಅಥವಾ ಕಾಂಕ್ರೀಟಿನಂಥ ವಸ್ತು ತುಂಬಿರುತ್ತಾರೆ. ಅದರಲ್ಲಿ ನೀರಿನಂಶ ಸೇರಿಕೊಂಡಿರುತ್ತದೆ. ಬೆಂಕಿ ಬಿದ್ದಾಗ ಆ ನೀರು ಆವಿಯಾಗಿ ಶಾಖವನ್ನು ತಡೆಯುತ್ತದೆ, ತಿಜೋರಿ ಕೆಲಸ ಮಾಡುವುದೇ ಹಾಗೆ. ಬೆಂಕಿ ಬೀಳದ ದಿನಗಳಲ್ಲೂ ಅದು ಸ್ವಲ್ಪ ಸ್ವಲ್ಪವಾಗಿ ಒಳಗಿನ ಗಾಳಿಗೆ ಸೇರುತ್ತಿರುತ್ತದೆ. ಬಾಗಿಲಿನ ಸೀಲು ಬಿಗಿಯಾಗಿದ್ದಷ್ಟೂ ಹೊರಹೋಗಲು ದಾರಿಯಿಲ್ಲ. ಹೀಗಾಗಿಯೇ ಕೆಲವು ತಯಾರಕರು ತಮ್ಮ ಕೈಪಿಡಿಯಲ್ಲಿ, ಗಡಿಯಾರ, ಅಂಚೆಚೀಟಿ, ಫೋಟೊ ಮುಂತಾದವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿಯೇ ಒಳಗಿಡಿ ಎಂದು ಬರೆದಿರುತ್ತಾರೆ.

ತೇವಾಂಶ ಅಳೆಯುವ ಒಂದು ಡಿಜಿಟಲ್ ಹೈಗ್ರೋಮೀಟರ್ ಒಳಗಿಟ್ಟು ಒಂದು ದಿನ ಬಾಗಿಲು ಮುಚ್ಚಿಡಿ. ಅಗ್ಗದ ಮೀಟರುಗಳನ್ನು ನಂಬುವ ಮೊದಲು ಉಪ್ಪಿನ ಪರೀಕ್ಷೆ ಮಾಡಿಕೊಳ್ಳಿ. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಪೂರ್ತಿ ಕರಗಿ ನೀರಾಗಬಾರದು. ಅದನ್ನೂ ಮೀಟರನ್ನೂ ಜಿಪ್ ಚೀಲದೊಳಗೆ ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೀಲದೊಳಗಿನ ಗಾಳಿ ಶೇ 75ರಲ್ಲಿ ಇರುತ್ತದೆ. ಮೀಟರು ಬೇರೆ ಅಂಕಿ ತೋರಿಸಿದರೆ ಆ ವ್ಯತ್ಯಾಸವನ್ನು ಮುಂದೆ ಕೂಡಿಸುತ್ತಲೋ ಕಳೆಯುತ್ತಲೋ ಹೋಗಿ.

ಎರಡನೆಯದು ದಿಕ್ಸೂಚಿಯದು. ಸಾದಾ ಮುಳ್ಳಿನ ದಿಕ್ಸೂಚಿಯನ್ನು ಮೇಜಿನ ಮೇಲಿಟ್ಟು, ಆಟೋಮ್ಯಾಟಿಕ್ ಅನ್ನು ನಿಧಾನವಾಗಿ ಅದರ ಹತ್ತಿರ ತನ್ನಿ. ಮುಳ್ಳು ಹೊರಳಿದರೆ ಗಡಿಯಾರಕ್ಕೆ ಕಾಂತತೆ ಹತ್ತಿದೆ ಎಂದು ತಿಳಿಯಿರಿ. ಅದನ್ನು ಯಾವುದರಲ್ಲಿ ಹಾಕಿ ಇಟ್ಟಿದ್ದಿರಿ, ಪಕ್ಕದಲ್ಲಿ ಏನಿತ್ತು ಎಂಬುದನ್ನೂ ಬರೆಯಿರಿ.

ಇಕೋ-ಡ್ರೈವ್ ಅನ್ನು ಕಿಟಕಿಯ ಬಳಿ, ಗಾಜಿನ ಮುಖ ಬೆಳಕಿಗೆ ಕಾಣುವಂತೆ ಇಡಿ. ಅದು ಕೆಟ್ಟಿರುವ ಸಾಧ್ಯತೆ ಕಡಿಮೆ.

ಹಳೆಗಂಟೆ:
ಎರಡೂ ಪರೀಕ್ಷೆ ಮಾಡಿದೆ. ಉಪ್ಪಿನ ಚೀಲದಲ್ಲಿ ಮೀಟರು 72 ತೋರಿಸಿತು, ಅಂದರೆ ಮೂರು ಕೂಡಿಸಬೇಕು. ಹಾಗೆ ಕೂಡಿಸಿದರೆ ತಿಜೋರಿಯ ಒಳಗೆ ಶೇ 79, ಹೊರಗೆ ಕೋಣೆಯಲ್ಲಿ ಶೇ 58.

ದಿಕ್ಸೂಚಿಯ ಮುಳ್ಳು ಕಾಲು ಸುತ್ತು ಹೊರಳಿತು. ಆ ಗಡಿಯಾರವನ್ನು ಪ್ರಯಾಣಕ್ಕೆಂದು ಕೊಂಡ ಚರ್ಮದ ಚೀಲದಲ್ಲಿ ಇಟ್ಟಿದ್ದೆ. ಅದರ ಮುಚ್ಚಳ ಟಪ್ಪೆಂದು ತಾನೇ ಮುಚ್ಚಿಕೊಳ್ಳುತ್ತದೆ. ಒಳಪದರವನ್ನು ಬೆರಳಿನಿಂದ ಒತ್ತಿ ನೋಡಿದರೆ ಎರಡು ಗುಂಡಿ ಅಯಸ್ಕಾಂತಗಳು, ಗಡಿಯಾರದ ಮುಖಕ್ಕೆ ತಗುಲುವಷ್ಟು ಹತ್ತಿರದಲ್ಲಿವೆ.

ಇಕೋ-ಡ್ರೈವ್ ಮತ್ತೆ ನಡೆಯತೊಡಗಿತು. ಆದರೆ ಸೆಕೆಂಡಿನ ಮುಳ್ಳು ಎರಡೆರಡು ಸೆಕೆಂಡು ಒಟ್ಟಿಗೆ ಹಾರುತ್ತಿದೆ.

ಸೆಕೆಂಡುಮುಳ್ಳು:
ಹಾಗಾದರೆ ಮೂರೂ ಬಿಡಿಸಿಕೊಂಡವು.

ಎರಡೆರಡು ಸೆಕೆಂಡು ಹಾರುವುದು ಇಕೋ-ಡ್ರೈವ್ ತನ್ನ ಚಾರ್ಜ್ ಕಡಿಮೆಯಿದೆ ಎಂದು ಹೇಳುವ ರೀತಿ. ಕೆಲವು ದಿನ ಹಗಲು ಬೆಳಕಿನಲ್ಲಿ ಇಟ್ಟರೆ ಒಂದೊಂದೇ ಸೆಕೆಂಡಿಗೆ ಮರಳುತ್ತದೆ. ಬೇಗ ತುಂಬಲಿ ಎಂದು ಬಿಸಿ ಬಲ್ಬಿನ ಕೆಳಗೋ, ಬಿಸಿಲಿಗೆ ನಿಲ್ಲಿಸಿದ ಕಾರಿನ ಗಾಜಿನ ಹಿಂದೆಯೋ ಇಡಬೇಡಿ. ಅದರ ಒಳಗಿನ ಚಾರ್ಜ್ ಕೋಶಕ್ಕೆ ಶಾಖ ಆಗದು. ಈ ಬಗೆಯ ಗಡಿಯಾರಕ್ಕೆ ತಿಜೋರಿ ಸರಿಯಾದ ಮನೆಯಲ್ಲ. ಬೀಗ ಹಾಕಿಯೇ ಇಡಬೇಕೆಂದಿದ್ದರೆ ತಿಂಗಳಿಗೊಮ್ಮೆಯಾದರೂ ಒಂದಿಡೀ ದಿನ ಬೆಳಕು ತೋರಿಸಿ.

ಈಗ ಆಟೋಮ್ಯಾಟಿಕ್. ಗಡಿಯಾರದ ವೇಗ ನಿರ್ಧರಿಸುವ ಬ್ಯಾಲನ್ಸ್ ಚಕ್ರವನ್ನು ಹಿಂದೆ ಮುಂದೆ ಆಡಿಸುವುದು ಕೂದಲೆಳೆಯಷ್ಟು ತೆಳುವಾದ ಹೇರ್‌ಸ್ಪ್ರಿಂಗ್. ಅದಕ್ಕೆ ಕಾಂತತೆ ಹತ್ತಿದಾಗ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸ್ಪ್ರಿಂಗ್ ಗಿಡ್ಡವಾದಂತಾಗಿ ಚಕ್ರ ಬೇಗ ಬೇಗ ಆಡುತ್ತದೆ, ಗಡಿಯಾರ ಮುಂದೆ ಓಡುತ್ತದೆ. ಸರಿಯಾಗಿದ್ದ ಗಡಿಯಾರ ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡಿದರೆ ಮೊದಲು ಕಾಂತತೆಯನ್ನೇ ಅನುಮಾನಿಸಬೇಕು. ಎಣ್ಣೆ ಒಣಗಿದ ಗಡಿಯಾರದಲ್ಲಿ ಬದಲಾವಣೆ ಬಹಳ ದಿನ ತೆಗೆದುಕೊಂಡು ಮೆಲ್ಲಗೆ ಬರುತ್ತದೆ.

ಕಾಂತತೆ ತಡೆಯುವ ಗಡಿಯಾರಗಳ ಐಎಸ್‌ಒ 764 ಮಾನದಂಡ ಕೇಳುವುದು ಮೀಟರಿಗೆ 4,800 ಆಂಪಿಯರ್ ತೀವ್ರತೆಯ ಕ್ಷೇತ್ರವನ್ನು ತಾಳಿಕೊಂಡರೆ ಸಾಕು ಎಂದು. ಕಾಂತಕ್ಷೇತ್ರ ಅಳೆಯುವ ಇನ್ನೊಂದು ಮಾನದಲ್ಲಿ ಅದು ಸುಮಾರು 60 ಗಾಸ್. ಚೀಲದ ಗುಂಡಿಗಳಲ್ಲಿ ಬಳಸುವ ಸಣ್ಣ ನಿಯೋಡಿಮಿಯಮ್ ಕಾಂತದ ಮೇಲ್ಮೈಯಲ್ಲಿ 1,000 ಗಾಸ್‌ಗೂ ಹೆಚ್ಚು ಇರುತ್ತದೆ. ಗಡಿಯಾರ ಇಡಲೆಂದೇ ಮಾಡಿದ ಚೀಲದಲ್ಲಿ ಇಂಥ ಕಾಂತವನ್ನು ಹೊಲಿಯುವುದನ್ನು ಕಂಡಾಗಲೆಲ್ಲ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಸಮಾಧಾನದ ಸಂಗತಿ ಎಂದರೆ ದೂರ ಹೆಚ್ಚಿದಂತೆ ಇದರ ಬಲ ಬಹಳ ಬೇಗ ಕುಗ್ಗುತ್ತದೆ. ಕಾಂತದ ಗಾತ್ರಕ್ಕಿಂತ ಸಾಕಷ್ಟು ದೂರ ಹೋದ ಮೇಲೆ, ಅಂತರ ಎರಡರಷ್ಟಾದರೆ ಬಲ ಸುಮಾರು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಟ್ಯಾಬ್ಲೆಟ್ಟಿನ ಮಡಿಸುವ ಕವರು, ಸ್ಪೀಕರು, ಹೆಡ್‌ಫೋನು, ಕಾಂತ ಕೂರಿಸಿದ ಮೊಬೈಲ್ ಕೇಸು ಇವುಗಳಿಂದ ಒಂದು ಗೇಣು ದೂರ ಇಟ್ಟರೆ ಸಾಕು.

ಪರಿಹಾರ ಸುಲಭ. ಯಾವ ವಾಚ್ ರಿಪೇರಿಯವರ ಬಳಿಯಾದರೂ ಕಾಂತತೆ ತೆಗೆಯುವ ಡಿಮ್ಯಾಗ್ನೆಟೈಸರ್ ಇರುತ್ತದೆ, ಕೆಲವು ಕ್ಷಣಗಳ ಕೆಲಸ. ನೀವೇ ಮಾಡುವುದಾದರೆ, ಗಡಿಯಾರವನ್ನು ಅದರ ಮೇಲೆ ಹಿಡಿದು ಗುಂಡಿ ಒತ್ತಿ, ಒತ್ತಿಕೊಂಡೇ ಗಡಿಯಾರವನ್ನು ಒಂದು ತೋಳಿನಷ್ಟು ದೂರಕ್ಕೆ ನಿಧಾನವಾಗಿ ಎತ್ತಿ, ಆಮೇಲೆ ಗುಂಡಿ ಬಿಡಿ. ಗಡಿಯಾರ ಹತ್ತಿರವಿರುವಾಗಲೇ ಗುಂಡಿ ಬಿಟ್ಟರೆ ಕಾಂತತೆ ಉಳಿದುಬಿಡುತ್ತದೆ, ಹೆಚ್ಚಲೂಬಹುದು. ಇಕೋ-ಡ್ರೈವ್‌ನಂಥ, ವಿದ್ಯುತ್ತಿನಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರಗಳನ್ನು ಅದರ ಮೇಲೆ ಇಡಬೇಡಿ.

ಕೊನೆಗೆ ತೇವ. ಗುರಿ ಶೇ 40ರಿಂದ 55ರ ನಡುವೆ ಇರಲಿ. ಶೇ 65–70 ದಾಟಿದರೆ ಬೂಷ್ಟು ಬೆಳೆಯುತ್ತದೆ, 40ಕ್ಕಿಂತ ಬಹಳ ಕೆಳಗೆ ಹೋದರೆ ಚರ್ಮ ಒಣಗಿ ಬಿರಿಯುತ್ತದೆ. ರಬ್ಬರ್ ಸೀಲಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು ಗಡಿಯಾರಗಳನ್ನೂ ಮೀಟರನ್ನೂ ಅದರಲ್ಲಿ ಹಾಕಿ, ಡಬ್ಬಿಯನ್ನು ತಿಜೋರಿಯೊಳಗೆ ಇಡಿ. ಜೊತೆಗೆ ಸಿಲಿಕಾ ಜೆಲ್. ಒಮ್ಮೆಲೇ ಬಹಳ ಸುರಿಯಬೇಡಿ, ಸ್ವಲ್ಪ ಹಾಕಿ ಮೀಟರು ನೋಡಿ ಹೆಚ್ಚಿಸಿ. ಕಿತ್ತಳೆ ಬಣ್ಣದ ಹರಳು ತೇವ ಹೀರಿದಾಗ ಸಾಮಾನ್ಯವಾಗಿ ಹಸಿರಾಗುತ್ತದೆ. 120 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕೆಲವು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಹಳೆಯ ಬಗೆಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷಕಾರಿ, ಮನೆಗೆ ಬೇಡ. ನುಸಿಗುಳಿಗೆಯನ್ನಂತೂ ಡಬ್ಬಿಯ ಹತ್ತಿರವೂ ತರಬೇಡಿ. ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುತ್ತದೆ, ಚರ್ಮಕ್ಕೆ ಹಿಡಿದ ವಾಸನೆ ಹೋಗುವುದೂ ಇಲ್ಲ.

ಬೂಷ್ಟು ಹಿಡಿದ ಪಟ್ಟಿಗಳನ್ನು ಗಡಿಯಾರದಿಂದ ಬಿಚ್ಚಿ, ಮನೆಯ ಹೊರಗೆ ಮೃದುವಾದ ಬ್ರಷ್ಷಿನಿಂದ ಉದುರಿಸಿ, ನೆರಳಿನಲ್ಲಿ ಚೆನ್ನಾಗಿ ಗಾಳಿಗೆ ಒಣಗಿಸಿ. ಒಳಗಿನ ಸ್ಪಂಜಿನ ಪದರದವರೆಗೂ ಬೂಷ್ಟು ಇಳಿದಿದ್ದರೆ ಪಟ್ಟಿ ಬದಲಿಸುವುದೇ ಮೇಲು. ಧರಿಸಿದ ದಿನವೇ ಬೆವರಿನ ಪಟ್ಟಿಯನ್ನು ಡಬ್ಬಿಗೆ ಹಾಕಬೇಡಿ, ಒಂದು ರಾತ್ರಿ ಹೊರಗೆ ಬಿಡಿ.

ರಿಪೇರಿಮೇಜು:
ಮೇಲಿನದೆಲ್ಲ ಸರಿ. ಆದರೆ ಅಜ್ಜನ ಗಡಿಯಾರದ ಬಗ್ಗೆ ಹೇಳದೆ ಇರಲಾರೆ. ಅದನ್ನು ಆ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಡಿ.

ಅಂಕಿಗಳ ಬಣ್ಣ ಕಂದಾಗಿದ್ದು, ಗಡಿಯಾರ 1960ರ ದಶಕಕ್ಕಿಂತ ಹಳೆಯದಾಗಿದ್ದರೆ, ಆ ಬಣ್ಣದಲ್ಲಿ ವಿಕಿರಣ ಸೂಸುವ ರೇಡಿಯಂ ಇರುವ ಸಾಧ್ಯತೆ ಹೆಚ್ಚು. ಹೊಳಪು ನಿಂತಿದೆ ಎಂದರೆ ಬೆಳಕು ಕೊಡುತ್ತಿದ್ದ ಸತುವಿನ ಸಲ್ಫೈಡ್ ಸವೆದಿದೆ ಎಂದಷ್ಟೇ. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1,600 ವರ್ಷ, ಅದು ಈಗಲೂ ಹೊಸದರಂತೆಯೇ ವಿಕಿರಣ ಸೂಸುತ್ತಿರುತ್ತದೆ. ಅದು ಕ್ಷಯಿಸಿದಾಗ ಹುಟ್ಟುವುದು ರೇಡಾನ್ ಎಂಬ ವಿಕಿರಣಶೀಲ ಅನಿಲ. ಮುಚ್ಚಿದ ಡಬ್ಬಿಯಲ್ಲಿ ಆ ಅನಿಲ ಸೇರುತ್ತಾ ಹೋಗುತ್ತದೆ, ಮುಚ್ಚಳ ತೆಗೆದಾಗ ನೀವೇ ಉಸಿರಾಡುತ್ತೀರಿ. ಒಂದೇ ಗಡಿಯಾರಕ್ಕೆ ಗಾಬರಿ ಬೇಡ. ಗಾಳಿಯಾಡುವ ಜಾಗದಲ್ಲಿ, ಮಲಗುವ ಕೋಣೆಯಿಂದ ಆಚೆ, ಬೇರೆಯಾಗಿ ಇಡಿ. ಹಿಂದಿನ ಮುಚ್ಚಳವನ್ನಾಗಲಿ ಗಾಜನ್ನಾಗಲಿ ಮನೆಯಲ್ಲಿ ತೆಗೆಯಬೇಡಿ. ಉದುರಿದ ಬಣ್ಣದ ಧೂಳು ಮೈಯೊಳಗೆ ಹೋಗುವುದೇ ನಿಜವಾದ ಅಪಾಯ. ಸರ್ವಿಸ್‌ಗೆ ಕೊಡುವಾಗ ರಿಪೇರಿಯವರಿಗೆ ಮೊದಲೇ ತಿಳಿಸಿ, ಅವರ ಶ್ವಾಸಕೋಶದ ಪ್ರಶ್ನೆಯೂ ಹೌದು. ಮುಖದ ಕೆಳಭಾಗದಲ್ಲಿ, ಆರರ ಅಂಕಿಯ ಬಳಿ ಇಂಗ್ಲಿಷಿನ ‘ಟಿ’ ಅಕ್ಷರ ಇದ್ದರೆ ಬಣ್ಣದಲ್ಲಿರುವುದು ಟ್ರಿಟಿಯಂ, ರೇಡಿಯಂಗಿಂತ ಬಹಳ ದುರ್ಬಲ ವಿಕಿರಣದ ವಸ್ತು. ಅದರ ಅರ್ಧಾಯುಷ್ಯ 12.3 ವರ್ಷ, ಚಿಂತೆ ಬಹಳ ಕಡಿಮೆ.

ವೈಂಡರ್ ಬಗ್ಗೆ: ಬರಿಯ ದಿನಾಂಕ ತೋರಿಸುವ ಆಟೋಮ್ಯಾಟಿಕ್‌ಗೆ ಅದರ ಅಗತ್ಯವಿಲ್ಲ. ಈಗಿನ ಸಂಶ್ಲೇಷಿತ ಎಣ್ಣೆಗಳು ಗಡಿಯಾರ ನಿಂತರೆ ಗಟ್ಟಿಯಾಗುವುದಿಲ್ಲ. ಸುಮ್ಮನೆ ಓಡಿಸಿದರೆ ಭಾಗಗಳು ಸವೆಯುತ್ತವೆ, ಅಷ್ಟೇ.

ಸೆಕೆಂಡುಮುಳ್ಳು:
ಇದನ್ನು ಪೂರ್ತಿ ಒಪ್ಪಲಾರೆ. ಲೀಪ್ ವರ್ಷದವರೆಗೂ ಲೆಕ್ಕ ಇಡುವ ಪರ್ಪೆಚುಯಲ್ ಕ್ಯಾಲೆಂಡರ್ ಇದ್ದವರಿಗೆ ವೈಂಡರ್ ಬಹಳ ಉಪಕಾರಿ, ಅದನ್ನು ಮತ್ತೆ ಹೊಂದಿಸುವುದು ಕಷ್ಟದ ಕೆಲಸ. ಹಳೆಗಂಟೆಯವರಿಗೆ ಬೇಡ ಎಂಬುದನ್ನು ಒಪ್ಪುತ್ತೇನೆ. ರೇಡಿಯಂ ವಿಷಯ ಎತ್ತಿದ್ದಕ್ಕೆ ಧನ್ಯವಾದ, ಡಬ್ಬಿಯ ಸಲಹೆ ಕೊಡುವಾಗಲೇ ಅದೂ ಬರಬೇಕಿತ್ತು.

ಹಳೆಗಂಟೆ:
‘ಟಿ’ ಎಲ್ಲೂ ಇಲ್ಲ. ಗಡಿಯಾರವನ್ನು ಈಗಲೇ ಬೇರೆ ಕೋಣೆಗೆ ಸಾಗಿಸಿದೆ. ಇನ್ನು ಪ್ರಯಾಣದ ಮಾತು. ಕಾಂತದ ಚೀಲವನ್ನು ಬಿಟ್ಟು ಬೇರೆ ಯಾವುದು ಒಳ್ಳೆಯದು? ವಿಮಾನ ನಿಲ್ದಾಣದ ಎಕ್ಸ್-ರೇ ಮತ್ತು ಹೋಟೆಲಿನ ಲಾಕರಿನ ಬಗ್ಗೆಯೂ ಅನುಮಾನ ಇದೆ.

ರಿಪೇರಿಮೇಜು:
ಚೀಲದ ಬ್ರ್ಯಾಂಡು ನೋಡಬೇಡಿ, ಒಳಗು ನೋಡಿ. ಪ್ರತಿ ಗಡಿಯಾರಕ್ಕೂ ಬೇರೆ ಕೋಶ, ನಡುವೆ ಗಟ್ಟಿ ಗೋಡೆ, ಮುಚ್ಚಲು ದಾರ, ಜಿಪ್ ಅಥವಾ ಒತ್ತುಗುಂಡಿ ಇರಬೇಕು. ಒತ್ತುಗುಂಡಿಯನ್ನೂ ದಿಕ್ಸೂಚಿ ಹಿಡಿದು ಪರೀಕ್ಷಿಸಿ. ನನ್ನ ಮೇಜಿಗೆ ಬರುವ ಗೀರುಗಳಲ್ಲಿ ಎಷ್ಟೋ ಪ್ರಯಾಣದವು, ಒಂದರ ಲೋಹದ ಪಟ್ಟಿ ಇನ್ನೊಂದರ ಮೈಗೆ ಉಜ್ಜಿ ಆದವು. ನೀಲಮಣಿ ಗಾಜು ಗಡಸುತನ ಅಳೆಯುವ, ಹತ್ತರವರೆಗಿನ ಮೋಸ್ ಮಾಪಕದಲ್ಲಿ 9ರಷ್ಟು ಗಟ್ಟಿ, ಅದಕ್ಕೆ ಏನೂ ಆಗದು. ಆದರೆ ಅದೇ ಗಾಜು ಪಕ್ಕದ ಗಡಿಯಾರದ ಉಕ್ಕನ್ನು ಗೀರುತ್ತದೆ. ಲೋಹದ ಪಟ್ಟಿಯ ಮಡಿಕೆ ಗಡಿಯಾರದ ಬೆನ್ನಿಗೆ ತಾಗದಂತೆ ನಡುವೆ ಮೃದುವಾದ ಬಟ್ಟೆ ಇಡಿ.

ಎಕ್ಸ್-ರೇಯಿಂದ ಗಡಿಯಾರಕ್ಕೆ ಹಾನಿಯಿಲ್ಲ. ತಪಾಸಣೆಯಲ್ಲಿ ಅಪಾಯ ಇರುವುದು ತೆರೆದ ಟ್ರೇಯಲ್ಲಿ. ಅಲ್ಲಿಗೆ ಹೋಗುವ ಮೊದಲೇ ಗಡಿಯಾರ ಬಿಚ್ಚಿ ಕೈಚೀಲದ ಒಳಗೆ ಹಾಕಿ ಜಿಪ್ ಎಳೆಯಿರಿ. ಎರಡನೆಯ ಗಡಿಯಾರವೂ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಅಂತರರಾಷ್ಟ್ರೀಯ ಹಾರಾಟದಲ್ಲಿ ಕಳೆದ ಲಗೇಜಿಗೆ ಮಾಂಟ್ರಿಯಲ್ ಒಪ್ಪಂದದಡಿ ಸಿಗುವ ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕನಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ). ಇಡೀ ಸೂಟ್‌ಕೇಸಿಗೆ ಅಷ್ಟೇ.

ಹೋಟೆಲಿನ ಲಾಕರನ್ನು ಸಿಬ್ಬಂದಿ ತೆರೆಯುವ ದಾರಿ ಇದ್ದೇ ಇರುತ್ತದೆ, ಅತಿಥಿಗಳು ಸಂಖ್ಯೆ ಮರೆತಾಗ ಬೇಕಲ್ಲ. ಬೆಲೆಬಾಳುವುದನ್ನು ಕೈಯಲ್ಲೇ ಧರಿಸಿ, ಸಾದಾದ್ದನ್ನು ಲಾಕರಿನಲ್ಲಿ ಇಡಿ. ಹೊರಡುವ ಮೊದಲು ಮುಖ, ಬೆನ್ನು, ಸೀರಿಯಲ್ ಸಂಖ್ಯೆ, ಖರೀದಿ ರಸೀದಿಗಳ ಫೋಟೊ ತೆಗೆದು ಮೊಬೈಲಿನ ಹೊರಗೂ ಒಂದು ಪ್ರತಿ ಇಡಿ. ವಿಮೆಯವರೂ ಇದನ್ನೇ ಕೇಳುತ್ತಾರೆ. ಮರಳುವಾಗ ಗಡಿಯಾರ ಹೊಸದಾಗಿ ಕೊಂಡದ್ದಲ್ಲ ಎಂದು ಕಸ್ಟಮ್ಸ್‌ನಲ್ಲಿ ತೋರಿಸಲೂ ಇದೇ ಆಧಾರ. ಮನೆಯ ವಿಮೆ ಇದ್ದರೆ ಪಾಲಿಸಿಯಲ್ಲಿ ಗಡಿಯಾರಗಳನ್ನು ಹೆಸರಿಸಿ ಸೇರಿಸಲಾಗಿದೆಯೇ, ಮನೆಯ ಹೊರಗೂ ಅದು ನಡೆಯುತ್ತದೆಯೇ ಎಂದು ಓದಿ ನೋಡಿ.

ಇಳಿದ ಊರಿನ ಸಮಯಕ್ಕೆ ಹೊಂದಿಸುವಾಗ, ಗಡಿಯಾರ ರಾತ್ರಿ 9ರಿಂದ 3ರ ನಡುವಿನ ಸಮಯ ತೋರಿಸುತ್ತಿದ್ದರೆ ದಿನಾಂಕದ ಗುಂಡಿ ಮುಟ್ಟಬೇಡಿ. ಹಲವು ಯಂತ್ರಗಳಲ್ಲಿ ಆಗ ದಿನಾಂಕದ ಹಲ್ಲುಗಳು ಕಚ್ಚಿಕೊಂಡಿರುತ್ತವೆ, ಒತ್ತಾಯಿಸಿದರೆ ಮುರಿಯುತ್ತವೆ. ಮುಳ್ಳುಗಳನ್ನು ಮೊದಲು 6ಕ್ಕೆ ತಂದು ಆಮೇಲೆ ದಿನಾಂಕ ಬದಲಿಸಿ.

ಹಳೆಗಂಟೆ:
ಡಬ್ಬಿಯಲ್ಲಿ ಈಗ ಶೇ 48 ನಿಂತಿದೆ. ಇಕೋ-ಡ್ರೈವ್ ಒಂದೊಂದೇ ಸೆಕೆಂಡು ನಡೆಯುತ್ತಿದೆ. ಆಟೋಮ್ಯಾಟಿಕ್‌ಗೆ ರಿಪೇರಿಯವರಲ್ಲಿ ಡಿಮ್ಯಾಗ್ನೆಟೈಸ್ ಮಾಡಿಸಿದೆ, ದಿಕ್ಸೂಚಿ ಅಲುಗಲಿಲ್ಲ. ಆದರೂ ದಿನಕ್ಕೆ ಇಪ್ಪತ್ತು ಸೆಕೆಂಡಿನಷ್ಟು ಮುಂದಿದೆ. ಮತ್ತೆ ಮಾಡಿಸಬೇಕೇ?

ರಿಪೇರಿಮೇಜು:
ಬೇಡ. ದಿಕ್ಸೂಚಿ ಅಲುಗದಿದ್ದರೆ ಕಾಂತತೆ ಹೋಗಿದೆ. ಒಂದು ವಾರ ಧರಿಸಿ, ರಾತ್ರಿ ಕೀ ಗುಂಡಿ ಮೇಲೆ ಬರುವಂತೆ ಒಮ್ಮೆ, ಮುಖ ಮೇಲೆ ಬರುವಂತೆ ಒಮ್ಮೆ ಇಟ್ಟು ವ್ಯತ್ಯಾಸ ಬರೆದುಕೊಳ್ಳಿ. ಆಗಲೂ ಇಪ್ಪತ್ತೇ ಉಳಿದರೆ ಗಡಿಯಾರದ ವೇಗ ಅಳೆಯುವ ಟೈಮಿಂಗ್ ಯಂತ್ರದ ಮೇಲೆ ಹಾಕಿಸಿ ರೆಗ್ಯುಲೇಟ್ ಮಾಡಿಸಿದರೆ, ಅಂದರೆ ವೇಗ ಸರಿಹೊಂದಿಸಿದರೆ, ಸಾಕು. ಸರ್ವಿಸ್ ಆಗಿ ಐದಾರು ವರ್ಷ ದಾಟಿದ್ದರೆ ಎರಡನ್ನೂ ಒಟ್ಟಿಗೆ, ಪ್ರಯಾಣ ಮುಗಿದ ಮೇಲೆ ಮಾಡಿಸಿ.