ಒಂದೇ ದಿನದಲ್ಲಿ ಗೋಮುಖ ನೋಡಿ ಬರಬಹುದಾ? ಹೋಗಿ ಬಂದವರು ಹೇಳಿ

ವಿದ್ಯಾನಗರ, ಹುಬ್ಬಳ್ಳಿ (ಕೇಳಿದವರು): ಸೆಪ್ಟೆಂಬರ್ ಕೊನೆಗೆ ಅವ್ವನನ್ನು ಕರೆದುಕೊಂಡು ಗಂಗೋತ್ರಿಗೆ ಹೊರಟಿದ್ದೇನೆ. ಅವ್ವನಿಗೆ 61. ದಿನಾ ಉಣಕಲ್ ಕೆರೆ ಹತ್ತಿರ ವಾಕಿಂಗ್ ಮಾಡುತ್ತಾರೆ. ಗಂಗೋತ್ರಿಯಲ್ಲಿ ಎರಡೇ ರಾತ್ರಿ ಇರುತ್ತೇವೆ. ಬೆಳಿಗ್ಗೆ ನಡೆದು ಹೋಗಿ, ಗಂಗೆ ಹೊರಬರುವ ಹಿಮನದಿಯ ಬಾಯಿ ಗೋಮುಖ ನೋಡಿ ಸಂಜೆಗೆ ವಾಪಸ್ ಬರಲು ಆಗುತ್ತದಾ?

ಕೇಶ್ವಾಪುರ, ಹುಬ್ಬಳ್ಳಿ: ಆಗುತ್ತದೆ. ನಾನು ಮಾಡಿದ್ದೇನೆ. ಹೋಗಲು 18 ಕಿ.ಮೀ., ಬರಲು 18. ಇಲ್ಲಿಂದ ಧಾರವಾಡಕ್ಕೆ ನಡೆದು ಹೋಗಿ, ಹಾಗೇ ತಿರುಗಿ ನಡೆದು ಬಂದಷ್ಟು. ಬೆಳಗಿನ ಜಾವ 5ಕ್ಕೆ ಬಿಟ್ಟೆ. ಚೀರ್‌ಬಾಸಾ 8.10, ಭೋಜ್‌ಬಾಸಾ 10.30, ಗೋಮುಖ 12.15. ಅಲ್ಲಿ 20 ನಿಮಿಷ ಕೂತೆ. ಗಂಗೋತ್ರಿಗೆ ಮುಟ್ಟಿದಾಗ ರಾತ್ರಿ 7.40. ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ ಬಿದ್ದವು. ಮತ್ತೆ ಬರಲು ನಾಲ್ಕು ತಿಂಗಳು ಬೇಕಾಯಿತು. ಆದರೆ ಅದಕ್ಕೂ ಮೊದಲು ಆರು ತಿಂಗಳು ಬಿಡದೆ ನೃಪತುಂಗ ಬೆಟ್ಟ ಹತ್ತಿ ಇಳಿದಿದ್ದೆ. ತಯಾರಿ ಇದ್ದವರಿಗೆ ಯಾವುದೂ ಕಷ್ಟವಲ್ಲ.

ಬೆಟಗೇರಿ, ಗದಗ: ಸುಮ್ನೆ ಯಾರಿಗೂ ಹೀಗೆ ಹೇಳಬೇಡಿ ಸರ್. ನಾವೂ ಒಂದೇ ದಿನ ಅಂತಲೇ ಹೋದೆವು. ಹರಿದ್ವಾರದಿಂದ ಎರಡು ದಿನ ಗಾಡಿ. ಸಂಜೆ ಗಂಗೋತ್ರಿ ಮುಟ್ಟಿ, ಮರುದಿನ ನಸುಕಿನಲ್ಲೇ ನಡೆಯಲು ಶುರು ಮಾಡಿದೆವು. ಅದೇ ತಪ್ಪಾಯಿತು. ಭೋಜ್‌ಬಾಸಾಕ್ಕೆ ಬರುವಷ್ಟರಲ್ಲಿ ನಮ್ಮ ಯಜಮಾನರಿಗೆ ತಲೆ ಸಿಡಿಯುವ ನೋವು, ಎರಡು ಸಲ ವಾಂತಿ. 14 ಕಿ.ಮೀ. ಬಂದಿದ್ದೆವು, ಉಳಿದಿದ್ದು ಬರೀ 4. ಅಲ್ಲಿಂದಲೇ ತಿರುಗಿದೆವು. ಇಳಿಯಲು ಹೇಸರಗತ್ತೆಗೆ 3,500 ಕೊಟ್ಟೆ. ಇಬ್ಬರಿಗೆ ರೈಲು 9,600, ಟ್ಯಾಕ್ಸಿ 18,000, ಉತ್ತರಕಾಶಿಯಲ್ಲಿ ಒಂದು ರಾತ್ರಿ ರೂಮಿಗೆ 1,800, ಇಲ್ಲೇ ಕೊಂಡ ಎರಡು ಜಾಕೆಟ್ 5,200. ಬರೆದಿಟ್ಟ ವಹಿ ಇನ್ನೂ ಇದೆ. ಹಿಮನದಿ ಮಾತ್ರ ನೋಡಲಿಲ್ಲ.

ಕೇಶ್ವಾಪುರ, ಹುಬ್ಬಳ್ಳಿ: ಅಕ್ಕಾವ್ರೇ, ನಿಮ್ಮ ಬಗ್ಗೆ ನಾನೇನೂ ಅನ್ನಲಿಲ್ಲ. ಅಭ್ಯಾಸ ಮಾಡಿ ಹೋಗಬೇಕಿತ್ತು ಅಷ್ಟೇ. ಮನೆ ಹತ್ತಿರವೇ ಕಪ್ಪತಗುಡ್ಡ ಇದೆ ಅಲ್ವಾ?

ಬೆಟಗೇರಿ, ಗದಗ: ಕಪ್ಪತಗುಡ್ಡವನ್ನು ನಮ್ಮ ಯಜಮಾನರು ನಿಮಗಿಂತ ಜಾಸ್ತಿ ಸಲ ಹತ್ತಿದ್ದಾರೆ. ಕಾಲಿಗೆ ಏನೂ ಆಗಿರಲಿಲ್ಲ. ಗಾಳಿ ತೆಳುವಾಗಿದ್ದಕ್ಕೆ ಆಗಿದ್ದು. ಎತ್ತರಕ್ಕೆ ಮೈ ಒಗ್ಗಲು ದಿನ ಬೇಕು. ಅದನ್ನು ಯಾವ ಬೆಟ್ಟವೂ ಇಲ್ಲಿ ಕಲಿಸುವುದಿಲ್ಲ.

ಸಪ್ತಾಪುರ, ಧಾರವಾಡ: ಅಕ್ಕ ಹೇಳಿದ್ದು ಸರಿ. ಗಂಗೋತ್ರಿಯೇ 3,000 ಮೀಟರ್ ದಾಟಿದೆ. ನಮ್ಮ ಧಾರವಾಡ 750ರ ಆಸುಪಾಸು. ನಾನು ಗಂಗೋತ್ರಿಯಲ್ಲಿ ಒಂದು ಪೂರ್ತಿ ದಿನ ಕೂತೆ, ಮರುರಾತ್ರಿ ಭೋಜ್‌ಬಾಸಾದ ಆಶ್ರಮದಲ್ಲಿ ಮಲಗಿದೆ. ನಸುಕಿನಲ್ಲಿ ಎದ್ದು ಹೋದಾಗ ಭಾಗೀರಥಿ ಶಿಖರಗಳ ಮೇಲೆ ಮೊದಲ ಬಿಸಿಲು. ಕೆಳಗೆ ಹಿಮದ ಬಾಯಿ. ಬೆಳ್ಳಗೆ ಇರುತ್ತದೆ ಅಂದುಕೊಂಡು ಹೋಗಬೇಡಿ. ಮೇಲೆಲ್ಲ ಕಲ್ಲು, ಮಣ್ಣು, ಬೂದಿ ಬಣ್ಣ. ಒಡೆದ ಕಡೆ ಮಾತ್ರ ನೀಲಿ ಗಾಜಿನಂತೆ. ಅದರ ಅಡಿಯಿಂದ ನೀರು ಗುಡುಗುತ್ತಾ ಹೊರಬರುತ್ತದೆ. ಹಿಂದೆ ಸುಮಾರು 30 ಕಿ.ಮೀ. ಉದ್ದಕ್ಕೆ ಅದೇ ಹಿಮ. ವರ್ಷ ವರ್ಷ ಹಿಂದೆ ಸರಿಯುತ್ತಿದೆ. ನನಗೆ ಕಣ್ಣೀರು ಬಂತು. 20 ನಿಮಿಷ ಕೂತು ಗಡಿಯಾರ ನೋಡಿ ಓಡುವುದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು?

ಕೇಶ್ವಾಪುರ, ಹುಬ್ಬಳ್ಳಿ: ಎಲ್ಲರಿಗೂ ಅಷ್ಟು ರಜೆ ಇರುವುದಿಲ್ಲ ಸರ್. ನನಗೆ ಸಿಕ್ಕಿದ್ದೇ ಒಂಬತ್ತು ದಿನ. ಐದು ದಿನ ರೈಲಿಗೇ ಹೋಯಿತು. ಆ 20 ನಿಮಿಷ ನನಗೆ ದೊಡ್ಡದು.

ಹಾವೇರಿ: ನಮಗೆ ಹೋಗಲೂ ಆಗಲಿಲ್ಲ. 2025ರ ಆಗಸ್ಟ್ 10ಕ್ಕೆ ಹೊರಡಬೇಕಿತ್ತು. 5ನೇ ತಾರೀಖು ಧರಾಲಿಯಲ್ಲಿ ನೆರೆ ಬಂತು, ಗಂಗೋತ್ರಿ ದಾರಿ ಹೋಯಿತು. ಗಾಡಿಯವನು 9,000 ಮುಂಗಡ ಇವತ್ತಿಗೂ ಕೊಟ್ಟಿಲ್ಲ. 27 ಸಲ ಫೋನ್ ಮಾಡಿದ್ದೇನೆ. ಮಳೆಗಾಲದಲ್ಲಿ ಬುಕ್ ಮಾಡಲೇಬೇಡಿ.

ಬೆಟಗೇರಿ, ಗದಗ: ಅಲ್ಲಿ ಜನರ ಮನೆ ಮಠ ಕೊಚ್ಚಿ ಹೋಗಿವೆ. ನೀವು ಮುಂಗಡದ ಲೆಕ್ಕ ಹೇಳುತ್ತೀರಾ?

ಹಾವೇರಿ: ನೀವು ಜಾಕೆಟ್ ಲೆಕ್ಕ ಹೇಳಬಹುದು, ನಾನು ಹೇಳಬಾರದಾ? ಆ ದಿನ ಟಿವಿ ನೋಡಿ ನನ್ನ ಹೆಂಡತಿ ಊಟ ಮಾಡಲಿಲ್ಲ. ದುಡ್ಡು ಹೋದ ಸಂಕಟ ಬೇರೆ, ಇದು ಬೇರೆ. ಎರಡೂ ಇವೆ.

ಸಪ್ತಾಪುರ, ಧಾರವಾಡ: ಜಗಳ ಬಿಡಿ. ಗೋಮುಖಕ್ಕೆ ಹೋಗುವ ಪರ್ಮಿಟ್ ದಿನಕ್ಕೆ 150 ಮಂದಿಗೆ ಮಾತ್ರ, ಮೊದಲೇ ಮಾಡಿಸಿ. ಚೀರ್‌ಬಾಸಾ ದಾಟಿದ ಮೇಲೆ ಕಲ್ಲು ಉರುಳುವ ಜಾಗ ಇದೆ. ಮಧ್ಯಾಹ್ನದ ಗಾಳಿ ಏಳುವ ಮೊದಲು ದಾಟಬೇಕು. ಹೇಸರಗತ್ತೆ ಭೋಜ್‌ಬಾಸಾವರೆಗೆ ಮಾತ್ರ. ನಾನಂತೂ ಹತ್ತಲಿಲ್ಲ. ಆ ಮೂಕ ಪ್ರಾಣಿಗಳ ಬೆನ್ನಿನ ಹುಣ್ಣು ಕಣ್ಣಾರೆ ನೋಡಿದ್ದೇನೆ.

ಬೆಟಗೇರಿ, ಗದಗ: ಗಂಡ ಎದುರಿಗೆ ವಾಂತಿ ಮಾಡುತ್ತಾ ಕೂತಾಗ ನೀವೂ ಹತ್ತಿಸುತ್ತಿದ್ದಿರಿ ಸರ್. ಆ ಹೇಸರಗತ್ತೆಗೆ ಕೈ ಮುಗಿದೇ ಹತ್ತಿಸಿದ್ದು ನಾನು.

ಕೇಶ್ವಾಪುರ, ಹುಬ್ಬಳ್ಳಿ: ಅಕ್ಕಾವ್ರೇ, ಇದಕ್ಕೆ ನಾನು ನಿಮ್ಮ ಕಡೆ.

ವಿದ್ಯಾನಗರ, ಹುಬ್ಬಳ್ಳಿ (ಕೇಳಿದವರು): ಅವ್ವನಿಗೆ ಎಲ್ಲಾ ಓದಿ ಹೇಳಿದೆ. ಭೋಜ್‌ಬಾಸಾದಲ್ಲಿ ರಾತ್ರಿ ಹೊದೆಯಲು ಏನು ಕೊಡುತ್ತಾರೆ ಅಂತ ಕೇಳುತ್ತಿದ್ದಾರೆ.

ಸಪ್ತಾಪುರ, ಧಾರವಾಡ: ರಜಾಯಿ ಕೊಟ್ಟಿದ್ದರು. ನನಗೆ ಎರಡು ಹೊದ್ದರೂ ಸಾಲಲಿಲ್ಲ.