ದುಡಿಮೆಯ ಜೊತೆಗೆ ಓದು: ನಾಳೆಗೆ ತಳ್ಳುವ ರೂಢಿಯನ್ನು ಬಿಡುವುದು ಹೇಗೆ?

ಪ್ರಶ್ನೆ (ರಾಯಚೂರು):
ಎಲ್ಲರಿಗೂ ಶರಣು. ಇಲ್ಲಿನ ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತಾ ಪಿಡಿಒ ಪರೀಕ್ಷೆಗೆ ಓದುತ್ತಿದ್ದೇನೆ. ಸಂವಿಧಾನದ 371 ಜೆ ವಿಧಿಯಿಂದ ನಮ್ಮ ಭಾಗದವರಿಗೆ ನೇಮಕಾತಿಯಲ್ಲಿ ಮೀಸಲಾತಿ ಇರುವಾಗ ಅದನ್ನು ಕೈಬಿಡಬಾರದೆಂಬ ಆಸೆ ಮನೆಯವರಿಗೂ ಇದೆ. ಆದರೆ ರಾತ್ರಿ ಊಟ ಮುಗಿಸಿ ಪುಸ್ತಕ ಹಿಡಿಯುವ ಹೊತ್ತಿಗೆ, ನಾಳೆಯಿಂದ ಸರಿಯಾಗಿ ಕೂರೋಣ ಎನಿಸಿ ಕೈ ಮೊಬೈಲಿನ ಕಡೆ ಹೋಗುತ್ತದೆ. ಪ್ರಚಲಿತ ವಿದ್ಯಮಾನಗಳನ್ನು ಹೇಗೋ ಓದುತ್ತೇನೆ. ಸಾಮಾನ್ಯ ಇಂಗ್ಲಿಷ್ ಮಾತ್ರ ಹಾಗೆಯೇ ಉಳಿದಿದೆ. ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರೂ ಪ್ರಯೋಜನವಾಗಿಲ್ಲ. ದಾರಿ ತಿಳಿಸಿ.

ಉತ್ತರ (ಕೊಪ್ಪಳ):
ನೀವು ಬರೆದುದರಲ್ಲೇ ಒಂದು ಸುಳಿವಿದೆ. ಸಮಯವೇ ಇಲ್ಲದಿದ್ದರೆ ಯಾವ ವಿಷಯವೂ ಸಾಗುತ್ತಿರಲಿಲ್ಲ. ನಿಂತಿರುವುದು ಇಂಗ್ಲಿಷ್ ಒಂದೇ. ಕೆಲಸವನ್ನು ಮುಂದಕ್ಕೆ ಹಾಕುವುದು ಸೋಮಾರಿತನಕ್ಕಿಂತ ಹೆಚ್ಚಾಗಿ, ಆ ಕೆಲಸ ಹುಟ್ಟಿಸುವ ಅಳುಕು ಮತ್ತು ಬೇಸರದಿಂದ ಸದ್ಯಕ್ಕೆ ತಪ್ಪಿಸಿಕೊಳ್ಳುವ ಉಪಾಯವೆಂದು ಮನೋವಿಜ್ಞಾನಿಗಳಾದ ಫ್ಯೂಷಾ ಸಿರೋಯಿಸ್ ಮತ್ತು ತಿಮೊಥಿ ಪಿಚಿಲ್ 2013ರಲ್ಲಿ ವಾದಿಸಿದರು. ಮಕ್ಕಳಿಗೆ ಪಾಠ ಹೇಳುವ ನನಗೆ ಈ ಮಾತು ಪೂರ್ತಿ ಒಪ್ಪಿಗೆಯಾಗಿದೆ, ಏಕೆಂದರೆ ಲೆಕ್ಕಕ್ಕೆ ಹೆದರುವ ಹುಡುಗ ಗೈರಾಗುವುದು ಲೆಕ್ಕದ ಪರೀಕ್ಷೆಯ ದಿನವೇ. ಆದ್ದರಿಂದ ವೇಳಾಪಟ್ಟಿಯನ್ನು ಇನ್ನಷ್ಟು ಬಿಗಿ ಮಾಡುವ ಬದಲು ಅಳುಕನ್ನು ಕಡಿಮೆ ಮಾಡಿಕೊಳ್ಳಿ. 'ಇಂಗ್ಲಿಷ್ ಓದಬೇಕು' ಎಂಬ ದೊಡ್ಡ ಗುರಿಯನ್ನು ಬಿಟ್ಟು, 'ಊಟದ ತಟ್ಟೆ ತೊಳೆದಿಟ್ಟ ಕೂಡಲೇ ಹಳೆಯ ಪ್ರಶ್ನೆಪತ್ರಿಕೆಯ ಐದು ಪ್ರಶ್ನೆಗಳನ್ನು ಬಿಡಿಸುತ್ತೇನೆ' ಎಂದು ನಿಶ್ಚಯಿಸಿಕೊಳ್ಳಿ. ಯಾವುದು ಮುಗಿದ ಮೇಲೆ, ಎಲ್ಲಿ, ಏನು ಎಂದು ಹೀಗೆ ಮೊದಲೇ ಗೊತ್ತುಮಾಡಿಕೊಂಡವರು ಕೆಲಸವನ್ನು ಹೆಚ್ಚಾಗಿ ಪೂರೈಸುತ್ತಾರೆಂಬುದನ್ನು ಪೀಟರ್ ಗೊಲ್ವಿಟ್ಜರ್ ಅವರ ಸಂಶೋಧನೆಗಳು ತೋರಿಸಿವೆ. ಮೊಬೈಲನ್ನು ಆ ಹೊತ್ತಿಗೆ ಬೇರೆ ಕೋಣೆಯಲ್ಲಿಡಿ.

ಉತ್ತರ (ಬಳ್ಳಾರಿ):
ಮೇಲಿನ ಸಲಹೆ ಒಳ್ಳೆಯದು, ಆದರೆ ರಾತ್ರಿಯ ಹೊತ್ತನ್ನು ನಾನು ಒಪ್ಪುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಮೂರೂ ಜಿಲ್ಲೆಗಳಲ್ಲಿ ಹಗಲಿನ ತಾಪ 40 ಡಿಗ್ರಿ ದಾಟುತ್ತದೆ. ಇಡೀ ದಿನ ಕಾದ ಛಾವಣಿ ರಾತ್ರಿಯೂ ತಣ್ಣಗಾಗದಿರುವಾಗ ದಣಿದ ಮೈಯಿಂದ ಅತಿ ಕಷ್ಟದ ವಿಷಯವನ್ನು ಓದಿಸಲು ಹೊರಡುವುದು ನ್ಯಾಯವಲ್ಲ. ಬೆಳಗಿನ ಐದೂವರೆಗೆ ಚಹಾ ಕುಡಿದೊಡನೆ ಇಂಗ್ಲಿಷ್ ಇಟ್ಟುಕೊಳ್ಳಿ, ಹಗುರವಾದುದನ್ನು ರಾತ್ರಿಗೆ ಬಿಡಿ.

ಮರುಪ್ರಶ್ನೆ (ರಾಯಚೂರು):
ಇಬ್ಬರಿಗೂ ವಂದನೆಗಳು. ಸುಗ್ಗಿಯಲ್ಲಿ ಹತ್ತಿ ಬರತೊಡಗಿದರೆ ಮಿಲ್ಲಿನಿಂದ ಬರುವುದು ತಡರಾತ್ರಿಯಾಗುತ್ತದೆ, ಬೆಳಿಗ್ಗೆ ಏಳಲಾಗುವುದಿಲ್ಲ. ನಡುವೆ ತಪ್ಪಿದರೆ ಎಲ್ಲವೂ ಮೊದಲಿನಿಂದ ಆಗಬೇಕೇ, ಸರ್?

ಉತ್ತರ (ಕೊಪ್ಪಳ):
ಆಗಬೇಕಿಲ್ಲ. ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ರೂಢಿಯಾಗುತ್ತದೆಂಬ ಮಾತನ್ನು ನಂಬಿ, ಒಂದು ದಿನ ತಪ್ಪಿದೊಡನೆ ಎಷ್ಟೋ ಜನ ಕೈಚೆಲ್ಲುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ರೂಢಿ ನೆಲೆಗೊಳ್ಳಲು ಬೇಕಾದ ಕಾಲ 18 ದಿನಗಳಿಂದ 254 ದಿನಗಳವರೆಗೆ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಯಿತು. ನಡುವೆ ಒಂದು ದಿನ ತಪ್ಪಿದ್ದು ದೊಡ್ಡ ಅಡ್ಡಿಯಾಗಲಿಲ್ಲ. ಸುಗ್ಗಿಯ ದಿನಗಳಿಗೆ ಬೇರೆ ಅಳತೆ ಇಟ್ಟುಕೊಳ್ಳಿ: ಐದು ಪ್ರಶ್ನೆಗಳ ಬದಲು ಒಂದೇ, ಅದನ್ನೂ ಮಿಲ್ಲಿನಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುವ ಮುನ್ನ. ಅದಕ್ಕಾಗಿ ಪ್ರಶ್ನೆಪತ್ರಿಕೆಯ ಒಂದು ಹಾಳೆಯನ್ನು ಹಿಂದಿನ ರಾತ್ರಿಯೇ ಬುತ್ತಿಚೀಲದಲ್ಲಿ ಇಟ್ಟಿರಿ.